ಮೊತ್ತವನ್ನು ಮೇಲೆ ಬರೆಯುತ್ತಿದ್ದ ಇಮಾಮಸಾಬರು

ಇಮಾಮಸಾಬರು ಯಾವ ಪಟ್ಟಿಯ ಕೆಳಗೂ ಗೆರೆ ಎಳೆದವರಲ್ಲ. ಎಲ್ಲರೂ ಮೊತ್ತವನ್ನು ಹಾಳೆಯ ಬುಡದಲ್ಲಿ ಬರೆದರೆ ಅವರದು ನೆತ್ತಿಯಲ್ಲಿ, ಅದೂ ಪೆನ್ಸಿಲಿನಲ್ಲಿ. ಪಕ್ಕದಲ್ಲಿ ಮಾತ್ರ ಮಸಿಯಲ್ಲಿ ಒಂದು ಸಾಲು: ‘ಕೆಳಗೆ ಎಷ್ಟು ಹೆಸರಿವೆಯೋ ಅಷ್ಟೂ ಕೂಡಿ.’ ಎಪ್ಪತ್ತರ ದಶಕದಲ್ಲಿ, ಇಂಡಿ ತಾಲೂಕಿನ ಒಂದು ಕಚೇರಿಯಲ್ಲಿ ಅವರ ಎದುರು ಮೇಜಿನ ಹೊಸ ಗುಮಾಸ್ತ ನಾನು. ಗೆರೆಯಿಲ್ಲದ ಹಾಳೆಯನ್ನು ಮುಟ್ಟಲೂ ನಾನು ಹೆದರುತ್ತಿದ್ದೆ.

“ಮಂದಿ ಹುಟ್ಟೂದು ನಿಂತೈತೇನೋ ತಮ್ಮಾ? ಗೆರಿ ಯಾಕ ಎಳೀಬೇಕು?” ಎನ್ನುತ್ತಿದ್ದರು.

ಆ ವರ್ಷ ಊರೂರಿಗೆ ಕೈಪಂಪು ಹಾಕಿಸುವ ಕೆಲಸ ಬಂತು. ಅಗರಖೇಡದ ಕಡೆಯ ಒಂದು ಊರಿನ ಹಾಳೆಯ ಮೇಲೆ ಇಮಾಮಸಾಬರು ಬರೆದರು: ‘ಕೆಳಗಿನ ಮನೆಗಳಲ್ಲಿ ಐವತ್ತಕ್ಕೊಂದು ಪಂಪು, ಮಿಕ್ಕ ಮನೆಗಳಿಗೂ ಒಂದು.’ ಮನೆ ನೂರು, ಪಂಪು ಎರಡು. ಕಚೇರಿಯ ಸಾಹೇಬರು ಓದದೆ ಆ ಸಾಲಿಗೆ ಸಹಿ ಹಾಕಿದರು.

ವಾರದ ಮೇಲೆ ಆ ಊರಿನ ಹೊರಕೇರಿಯಿಂದ ಶಾಂತವ್ವ ಎಂಬಾಕೆ ನಡೆದೇ ಬಂದಳು. ಕೇರಿಯ ಹದಿನೆಂಟು ಮನೆಗಳನ್ನು ಯಾರೂ ಬರೆಸಿರಲಿಲ್ಲ. ಊರೊಳಗಿನ ಪಂಪನ್ನು ಅವರಿಗೆ ಮುಟ್ಟಗೊಡುವವರೂ ಇರಲಿಲ್ಲ. ಪಟ್ಟಿ ಮುಗಿದಿದೆ, ಬರುವ ವರ್ಷ ನೋಡೋಣ ಎಂದು ನಾನು ತೊದಲಿದೆ. ಇಮಾಮಸಾಬರು ಅವಳನ್ನು ಕೂಡಿಸಿ, ಹದಿನೆಂಟೂ ಹೆಸರು ಕೇಳಿ ಕೆಳಗೆ ಸೇರಿಸಿದರು. ಮೇಲೆ ಪೆನ್ಸಿಲಿನಲ್ಲಿದ್ದ ಎರಡನ್ನು ಅಳಿಸಿ ಮೂರು ಮಾಡಿದರು.

ಸಾಹೇಬರು ಕೆಂಡವಾದರು. ತಾವು ಸಹಿ ಮಾಡಿದ್ದು ಎರಡು ಪಂಪಿಗೆ ಎಂದರು.

“ಅಲ್ರಿ ಸಾಹೇಬ್ರ, ನೀವು ಸಹಿ ಮಾಡಿದ್ದು ಲೆಕ್ಕದ ರೀತಿಗೆ. ಮನಿ ಬೆಳದ್ರ ಪಂಪೂ ಬೆಳೀತಾವ. ಬ್ಯಾಡಂದ್ರ ನಿಮ್ಮ ಸಹೀನ ನೀವ ಹೊಡದು ಹಾಕ್ರಿ.”

ಸಾಹೇಬರು ಹೊಡೆದುಹಾಕಲಿಲ್ಲ. ನಿನಗಿದು ಗೊತ್ತಿತ್ತೇನು ಎಂದು ನನ್ನ ಕಡೆ ತಿರುಗಿದರು. ನಾನು ಮಸಿ ದವತಿಯ ಮುಚ್ಚಳ ಹುಡುಕುತ್ತ ಮೇಜಿನ ಕೆಳಗಿದ್ದೆ.

ಕೇರಿಗೆ ಪಂಪು ಬಂತು; ಇಮಾಮಸಾಬರಿಗೆ ಮುದ್ದೇಬಿಹಾಳಕ್ಕೆ ವರ್ಗ ಬಂತು.

ಎರಡು ವರ್ಷದ ಮೇಲೆ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕೆಮ್ಮು ಹತ್ತಿತ್ತು. ಕೇರಿಯ ಪಂಪಿನ ನೀರು ಹೇಗಿದೆ ಎಂದು ಕೇಳಿದರು. ಸಾಹೇಬರಿಗೆ ಗೊತ್ತಾದೀತೆಂದು ನಾನು ಆ ಕಡೆ ಹೋಗಿಯೇ ಇಲ್ಲವೆಂದು ಒಪ್ಪಿಕೊಂಡೆ.

“ಹೆದರಕೋತಾದ್ರೂ ಒಮ್ಮೆ ಹೋಗಿ ಬಾ,” ಎಂದು ಬಸ್ಸು ಹತ್ತಿದರು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡ ಸುದ್ದಿ ಬಂತು. ರಜೆ ಅರ್ಜಿಯಲ್ಲಿ ಜ್ವರವೆಂದು ಬರೆಯುವುದು ನನ್ನ ರೂಢಿ. ಅಂದು, ಹೊರಕೇರಿಗೆ ನೀರು ಕುಡಿಯಲು ಹೋಗುತ್ತಿದ್ದೇನೆ ಎಂದು ಬರೆದೆ. ಸಾಹೇಬರ ಮೇಜಿನ ಮೇಲಿಟ್ಟು, ಸಹಿಗೆ ಕಾಯದೆ ಹೊರಟೆ.