ಬಾತುಮರಿಗೆ ಮಗ್ಗದ ಗಂಟು

ಬೆಳಿಗ್ಗೆ ಮೊಳಕಾಲ್ಮುರಿನ ನಮ್ಮ ಮನೆಯ ಅಂಗಳ ಗುಡಿಸಿ, ಎಂದಿನಂತೆ ಮಗುಚಿಟ್ಟ ಬುಟ್ಟಿ ಎತ್ತಿದೆ. ನಾನು ಸಾಕಿದ ಬಾತುಮರಿ ಓಡಿಬರಲಿಲ್ಲ. ಕಾಲುಗಳನ್ನು ಅತ್ತ ಒಂದು ಇತ್ತ ಒಂದು ಚಾಚಿ, ಹೊಟ್ಟೆಯ ಮೇಲೆ ಬಿದ್ದಿತ್ತು. ನೀರಿನ ಬಟ್ಟಲು ಗೇಣು ದೂರದಲ್ಲಿದ್ದರೂ ಅದಕ್ಕೆ ಎಟುಕಲಿಲ್ಲ. ಗೋಡೆಯ ಮೇಲೆ ಬೆಕ್ಕು ಆಗಲೇ ಬಂದು ಕೂತಿತ್ತು.

ಕಾಲು ಜಾರದಂತೆ ಎರಡನ್ನೂ ಹಳೇ ಸೀರೆಯ ಪಟ್ಟಿಯಿಂದ ಸೇರಿಸಿ, ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ರಿಬ್ಬನ್ನಿನ ಗಂಟು ಹಾಕಿದೆ. ಮರಿ ಒಮ್ಮೆ ಒದ್ದಿತು, ಗಂಟು ಬಿಚ್ಚಿಹೋಯಿತು. ಮೂರು ಸಲವೂ ಹಾಗೇ ಆಯಿತು.

ಪಕ್ಕದ ಮನೆಯ ನೇಕಾರ ತಿಪ್ಪಜ್ಜ ಇಣುಕಿ ನೋಡಿ ನಕ್ಕರು. “ಏನವ್ವಾ, ಅದ್ರ ಕಾಲಿಗೆ ಹೂ ಮುಡಿಸ್ತಿದೀಯಾ? ಕೊಡಿಲ್ಲಿ.”

ಎಳೆ ಜಾರದಿರಲೆಂದು ಬೂದಿಯಲ್ಲಿ ಬೆರಳದ್ದಿ, ಎರಡು ಕಾಲಿನ ನಡುವೆ ಬೆರಳಗಲ ಬಿಟ್ಟು, ಪಟ್ಟಿಯ ಮೇಲೆ ರೇಷ್ಮೆ ಎಳೆ ಸುತ್ತಿ, ನೇಯುವಾಗ ಹರಿದ ಎಳೆ ಕೂಡಿಸುವ ಮಗ್ಗದ ಗಂಟು ಹಾಕಿದರು. ಆಮೇಲೆ ಮಗ್ಗದ ಮುಂದಿನ ರೂಢಿಯಂತೆ, ಉಳಿದ ಎಳೆಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸಲು ಮರಿಯನ್ನೇ ಬಾಯಿಗೆತ್ತಿದರು.

ನಮ್ಮ ಅತ್ತೆ ಒಳಗಿಂದ ಓಡಿಬಂದರು. “ಅಯ್ಯೋ ಶಿವನೇ, ತಿನ್‌ಬ್ಯಾಡ್ರೀ! ನಿಮಗಿಂತ ಆ ಬೆಕ್ಕೇ ವಾಸಿ!”

ನೆಲಕ್ಕೆ ಬಿಟ್ಟ ಮರಿ ಎರಡು ಸಲ ಮೂತಿಯ ಮೇಲೆ ಬಿತ್ತು. ಮೂರನೆಯ ಸಲ ನಿಂತಿತು. ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಬಟ್ಟಲಿನ ತನಕ ಹೋಗಿ ನೀರು ಕುಡಿಯಿತು. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಎದುರು ಮನೆಯ ಗಂಗಕ್ಕ ಹೆಪ್ಪಿಗೆಂದು ಮಜ್ಜಿಗೆ ಕೇಳಿಕೊಂಡು ಬಂದರು. ಅಜ್ಜ ಹಾಕಿದ ಗಂಟನ್ನು ಬಗ್ಗಿ ನೋಡಿ, ಹೊರಡುತ್ತಾ ಅಂದರು: “ಚೆನ್ನಾಗೈತೆ ಬಿಡ್ರಿ. ನಾನು ಸೀರೆಗೆ ಹೇಳಿ ಎರಡು ಯುಗಾದಿ ಆತು. ಅಜ್ಜಗೆ ಬಾತಿನ ಕಾಲಿಗಾದ್ರೆ ಪುರುಸೊತ್ತೈತೆ.”