ಬೆನ್ನ ಮೇಲಿನ ಒದ್ದೆ ಕೌದಿ

ನಮ್ಮ ಮನೆಯಲ್ಲಿ ಒಂದು ಚೀಲ ತುಂಬಿದೆ ಎನ್ನಬೇಕಾದರೆ ಅದು ಇಪ್ಪತ್ಮೂರು ಕೆಜಿ ತೂಗಬೇಕು. ಇಂಡಿಯಾ ವಿಮಾನದಲ್ಲಿ ಒಂದು ಸೂಟ್‌ಕೇಸಿಗೆ ಬಿಡುವುದು ಅಷ್ಟು. ಅಪ್ಪ ಕೊಕ್ಕೆ ತಕ್ಕಡಿಗೆ ಪೆಟ್ಟಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತುತ್ತಾರೆ. ಅಮ್ಮ ಬಗ್ಗಿ ಅಂಕಿ ಓದುತ್ತಾಳೆ. ಇಪ್ಪತ್ತೆರಡೂವರೆ ಬಂದರೆ ಅವಳ ಮುಖ ಬಾಡುತ್ತದೆ. ಉಳಿದ ಅರ್ಧ ಕೆಜಿಗೆ ಚಾಕೊಲೇಟ್ ತುರುಕಿದ ಮೇಲೆಯೇ ಜೀವಕ್ಕೆ ಸಮಾಧಾನ. ನಾನು ಹುಟ್ಟಿದಾಗ ನರ್ಸ್ ಮೂರು ಕೆಜಿ ಎಂದಿದ್ದಕ್ಕೆ, ಇನ್ನೂ ಇಪ್ಪತ್ತು ಕೆಜಿ ವೇಸ್ಟ್ ಆಯ್ತಲ್ಲ ಎಂದು ಅಮ್ಮ ಕೊರಗಿರಬೇಕು.

ಹೋದ ವರ್ಷ ಏಪ್ರಿಲ್‌ನಲ್ಲಿ ಈ ಅಭ್ಯಾಸ ನನ್ನ ಬೆನ್ನೇರಿತು. ವೆಸ್ಟ್ ವಿಂಡ್ಸರ್‌ನಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಇರುವ ಧಾರವಾಡದ ಅಂಕಲ್ ಅಪ್ಪನ ರೈಲಿನ ಸ್ನೇಹಿತರು. ಇಬ್ಬರೂ ಮ್ಯಾನ್‌ಹಟನ್‌ಗೆ ಒಂದೇ ಟ್ರೇನಿನಲ್ಲಿ ಕಮ್ಯೂಟ್ ಮಾಡುತ್ತಾರೆ. ಆ ಟ್ರೇನಿನಲ್ಲೇ ಕೂತು ಅವರು ಅರಿಜೋನಾ ಕಡೆಯ ಮರುಭೂಮಿಯ ಒಂದು ಕಣಿವೆಗೆ ಪರ್ಮಿಟ್ ಹೊಡೆದಿದ್ದರು. ನಾಲ್ಕು ದಿನದ ನಡಿಗೆ. ಅಲ್ಲಿ ದಾರಿ ಎಂಬುದಿಲ್ಲ, ನದಿಯೇ ದಾರಿ. ಎರಡೂ ಕಡೆ ಬಂಡೆ ಎಷ್ಟು ಎತ್ತರವೆಂದರೆ ಆಕಾಶ ಒಂದು ಲಾಡಿಯಷ್ಟು ಕಾಣುತ್ತದಂತೆ. ಪರ್ಮಿಟ್ ಮೂರು ಜನಕ್ಕೆ: ಅಂಕಲ್, ಅಪ್ಪ, ನಾನು.

ಸ್ಕೂಲಿನ ಲಂಚ್ ಟೇಬಲ್‌ಗೆ ನಾನು ಕೂಡಲೇ ಸುದ್ದಿ ಮುಟ್ಟಿಸಿದೆ. ಸೋಮವಾರ ಆ ನದಿ ಮೊಣಕಾಲುದ್ದ ಇತ್ತು. ಬುಧವಾರ ಎದೆಮಟ್ಟ. ಶುಕ್ರವಾರದ ಹೊತ್ತಿಗೆ ಮೊಸಳೆ ಬಂದಿತ್ತು. ಮರುಭೂಮಿಯಲ್ಲಿ ಮೊಸಳೆಯೇ ಎಂದು ಒಬ್ಬ ಕೇಳಿದ. "ಅದೇ ಅಪಾಯ, ಯಾರೂ ಎಕ್ಸ್‌ಪೆಕ್ಟ್ ಮಾಡಲ್ಲ" ಎಂದೆ.

ಆ ಶುಕ್ರವಾರವೇ ಅಂಕಲ್ ಮನೆಗೆ ಬಂದು, ಐವತ್ತೆರಡು ಕೆಜಿಯ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೋಡಪಾ ತಮ್ಮಾ, ಅಲ್ಲಿ ಬ್ಯಾಗ್ ಇಳಸಾಕ ಒಣಾ ನೆಲಾನ ಸಿಗಂಗಿಲ್ಲ. ನಾಳೆ ಪರೀಕ್ಷಾ. ಕಾಲುವಿ ದಂಡಿಗುಂಟ ಆರು ಮೈಲಿ, ನಡುವ ಒಂದು ಹಳ್ಳ. ಬ್ಯಾಗ್ ಪೂರ್ತಿ ತುಂಬ್ಕೊಂಡು ಬಾ. ಬೆನ್ನ ಮ್ಯಾಲಿಂದ ಒಮ್ಮೆ ಇಳಸಿದಿ ಅಂದ್ರ ನೀ ಮನ್ಯಾಗ."

"ಈಸೀ ಅಂಕಲ್. ಐ ಗಾಟ್ ದಿಸ್."

"ಮತ್ತ ಬಾಯಿ ಮೂರು ಸುತ್ತು ಮಡಚಿ ಕಟ್ಟು, ನೀರು ಒಳಗ ಹೋಗಬಾರ್ದು."

"ನನ್ನ ಬಾಯಾ?"

"ಅದನ್ನೂ ಕಟ್ಟು. ಮೊದಲು ಬ್ಯಾಗಿಂದು."

ಅವರು ಪೂರ್ತಿ ತುಂಬು ಎಂದು ಹೇಳಿ ಹೋದರು. ನಮ್ಮ ಮನೆಯಲ್ಲಿ ಪೂರ್ತಿ ಎಂದರೆ ಎಷ್ಟೆಂದು ಅವರಿಗೆ ಗೊತ್ತಿರಲಿಲ್ಲ. ಅಮ್ಮ ಪುಳಿಯೋಗರೆ ಡಬ್ಬ, ಚಟ್ನಿಪುಡಿ, ತುಪ್ಪ, ನಾಲ್ಕು ಬಗೆಯ ಅವಲಕ್ಕಿ, ಮೂರು ಟವೆಲ್ ನನ್ನ ಬ್ಯಾಗಿಗೂ, ಕುಕ್ಕರು ಪಾತ್ರೆಗಳನ್ನು ಅಪ್ಪನದಕ್ಕೂ ಹಾಕಿದಳು. ಅಪ್ಪ ತಕ್ಕಡಿ ಎತ್ತಿದರು.

"ಎಷ್ಟು ಬಂತೇ?"

"ಇಪ್ಪತ್ತೆರಡು ಎಂಟುನೂರು. ರೀ, ಇನ್ನೂ ಇನ್ನೂರು ಗ್ರಾಂ ಇದೆ!"

ಹುರಿಗಡಲೆ ಹಾಕಿದರು. ಈ ಇಪ್ಪತ್ಮೂರನ್ನು ವಿಮಾನ ಹೊರುವುದಿಲ್ಲ, ನಾನು ಹೊರಬೇಕು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ಬೆಳಿಗ್ಗೆ, ಬ್ಯಾಗ್ ಹಾಕಿಕೊಂಡು ನಿಲ್ಲಲು ಹೋಗಿ ಆಮೆಯಂತೆ ಮಗುಚಿ ಬಿದ್ದಾಗ. ಮಗುಚಿದಲ್ಲಿಂದಲೇ ಸೋಮವಾರದ ಲಂಚ್ ಟೇಬಲ್ ಕಾಣಿಸಿತು. ಮೊಸಳೆಗಿಂತ ಭಯಂಕರವಾಗಿತ್ತು.

ಐದು ನಿಮಿಷದಲ್ಲಿ ಎಲ್ಲ ತಿಂಡಿ ನನ್ನ ಮಂಚದ ಕೆಳಗೆ ಸೇರಿತು. ಬ್ಯಾಗ್ ದಪ್ಪಗೆ ಕಾಣಲು ಸೋಫಾ ಮೇಲಿದ್ದ ಕೌದಿಯನ್ನು ಮಡಚಿ ತುರುಕಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ. ಅಂಕಲ್ ಊರಿಂದ ತಂದುಕೊಟ್ಟಿದ್ದು. ಅದು ಅಂಚಿನವರೆಗೂ ಉಬ್ಬಿದ್ದರಿಂದ ಬ್ಯಾಗಿನ ಬಾಯಿ ಒಂದೇ ಸುತ್ತು ಮಡಚಲು ಬಂತು.

ಮೊದಲ ಮೂರು ಮೈಲಿ ನಾನು ಜಿಂಕೆ. ಶಿಳ್ಳೆ ಹೊಡೆದೆ. ಹಿಂದೆಮುಂದಾಗಿ ನಡೆದೆ. ಅಪ್ಪ ಕುಕ್ಕರ್ ಹೊತ್ತು ಹಿಂದೆ ಹಳೆಯ ಸ್ಕೂಟರ್‌ನಂತೆ ಶಬ್ದ ಮಾಡುತ್ತಿದ್ದರು.

"ಅಪ್ಪಾ, ಹಿಡ್ಕೊಳ್ಲಾ?"

"ಮುಚ್ಚೋ!"

"ಏನಪಾ, ಹುಡುಗ ಹುಲಿ ಆಗ್ಯಾನಲ್ಲ!" ಎಂದರು ಅಂಕಲ್. ಹುಲಿ ಒಪ್ಪಿಕೊಂಡಿತು.

ಹಳ್ಳ ಬಂತು. ನೀರು ಮೊಣಕಾಲಿನಷ್ಟೂ ಇರಲಿಲ್ಲ. ಮರುಭೂಮಿ ನದಿಯನ್ನು ಹೇಗೆ ದಾಟುತ್ತಾರೆಂದು ತೋರಿಸಲು ನಾನು ಕೋಲಿಲ್ಲದೆ ಕಲ್ಲಿಂದ ಕಲ್ಲಿಗೆ ಹಾರಿದೆ. ಎರಡು ಕಲ್ಲು ಚೆನ್ನಾಗಿದ್ದವು. ಮೂರನೆಯದರ ಮೇಲೆ ಪಾಚಿ. ಅಂಗಾತ ಬಿದ್ದು ಗುಂಡಿಯಲ್ಲಿ ಕುತ್ತಿಗೆವರೆಗೆ ಕೂತೆ. ಬೆನ್ನ ಹಿಂದೆ ಏನೋ ಗಟಗಟ ಕುಡಿಯುವ ಸದ್ದು.

ಆ ಬ್ಯಾಗ್ ವಾಟರ್‌ಪ್ರೂಫ್ ಎಂದು ಊರಿಗೆಲ್ಲ ಹೇಳಿಕೊಂಡಿದ್ದೆ. ನಿಜವೇ. ಒಳಗೆ ಹೋದ ಒಂದು ಹನಿಯನ್ನೂ ಅದು ಹೊರಗೆ ಬಿಡಲಿಲ್ಲ. ನಾನು ಎದ್ದು ನಿಂತಾಗ ಬೆನ್ನ ಮೇಲೆ ಎಮ್ಮೆಕರು ಕೂತಂತಿತ್ತು.

ಇಳಿಸುವಂತಿಲ್ಲ: ಇಳಿಸಿದರೆ ಫೇಲ್. ತೆರೆದು ನೀರು ಚೆಲ್ಲುವಂತಿಲ್ಲ: ತೆರೆದರೆ ಕೌದಿ. ಒಂದು ಮೈಲಿಯಾದ ಮೇಲೆ ಅಂಕಲ್ ಮರದ ಕೆಳಗೆ ಕೂತರು.

"ತಮ್ಮಾ, ಪುಳಿಯೋಗರಿ ತಗೀ."

"ಆಗಲ್ಲ ಅಂಕಲ್. ಬ್ಯಾಗ್ ಇಳಿಸ್ಬಾರ್ದು. ರೂಲ್ ಈಸ್ ರೂಲ್."

"ಹಿಂದಿಂದ ನಾ ತಗೀತೀನಿ ತಡಿ."

"ಚೀಟಿಂಗ್ ಅಂಕಲ್!"

"ಲೋ, ಹೊಟ್ಟೆ ಹಸೀತಿದೆ ಕಣೋ" ಎಂದು ಅಪ್ಪ ನನ್ನ ಬೆನ್ನನ್ನೇ ದೀನವಾಗಿ ನೋಡಿದರು. ಅವರ ಲೆಕ್ಕದಲ್ಲಿ ಪುಳಿಯೋಗರೆ ಒಂದು ಗೇಣು ದೂರದಲ್ಲಿತ್ತು. ನಾನು ಮರಕ್ಕೆ ಒರಗಿ, ಕಣ್ಣು ಮುಚ್ಚಿ, ತತ್ವಕ್ಕೆ ಅಂಟಿಕೊಂಡೆ.

ಉಳಿದ ಎರಡು ಮೈಲಿ ಹೇಗೆ ನಡೆದೆ ಎಂದು ಕೇಳಬೇಡಿ. ವಯಸ್ಸಾದ ಒಂದು ಬಾತುಕೋಳಿ ನನ್ನನ್ನು ಓವರ್‌ಟೇಕ್ ಮಾಡಿ, ತಿರುಗಿ ನೋಡಿ, ಮರುಗಿತು. ಕಾರಿನಲ್ಲೂ ಬ್ಯಾಗ್ ತೆಗೆಯದೆ ಮೂಗು ಡ್ಯಾಶ್‌ಬೋರ್ಡಿಗೆ ಒತ್ತಿ ಕೂತೆ. ಮನೆಯ ಡ್ರೈವ್‌ವೇಯಲ್ಲಿ ಇಳಿದೆವು. ಅಂಕಲ್ಲೇ ಬ್ಯಾಗ್ ಬಿಡಿಸಿಕೊಂಡರು, ಮತ್ತು ಅದರ ಜೊತೆಗೇ ಅರ್ಧ ಕೂತುಬಿಟ್ಟರು.

"ವೈನಿ, ಏನ್ ಕಲ್ಲು ತುಂಬೀರೇನ್ರಿ?"

"ಕರೆಕ್ಟಾಗಿ ಇಪ್ಪತ್ಮೂರು!" ಎಂದು ಅಮ್ಮ ಹೆಮ್ಮೆಯಿಂದ ತಕ್ಕಡಿ ತಂದಳು. ಬಗ್ಗಿ ಓದಿದಳು. ಮುಖದ ಬಣ್ಣ ಹೋಯಿತು. "ರೀ, ಓವರ್‌ವೆಯ್ಟ್! ಇಪ್ಪತ್ನಾಲ್ಕು ಹೇಗಾಯ್ತು?"

ಅಂಕಲ್ ಬ್ಯಾಗಿನ ಬಾಯಿ ಬಿಚ್ಚಿ ಬಗ್ಗಿಸಿದರು. ಹಳ್ಳವೆಲ್ಲ ಡ್ರೈವ್‌ವೇ ಮೇಲೆ ಹರಿಯಿತು. ಅದರ ಹಿಂದೆಯೇ, ನಿಧಾನವಾಗಿ, ಬಣ್ಣಬಣ್ಣದ ಕೌದಿ ಜಾರಿ ಬಂತು. ಜೊತೆಗೆ ಒಂದು ಪುಟ್ಟ ಮೀನು. ಮೀನಿನ ಬಗ್ಗೆ ಅಪ್ಪನಿಗೆ ಈಗಲೂ ಅನುಮಾನವಿದೆ.

"ಇದು ನಮ್ಮವ್ವ ತನ್ನ ಸೀರೀಲೆ ಹೊಲಿದ ಕೌದಿ!" ಎಂದರು ಅಂಕಲ್.

"ಪುಳಿಯೋಗರೆ ಎಲ್ಲೋ?" ಎಂದರು ಅಪ್ಪ. ಅವರಿಗೆ ಅದೇ ಚಿಂತೆ.

"ಅಂಡರ್ ಮೈ ಬೆಡ್" ಎಂದೆ.

ಅಂಕಲ್ ತಮ್ಮ ಬ್ಯಾಗನ್ನೂ ತಕ್ಕಡಿಗೆ ಸಿಕ್ಕಿಸಿದರು. ಹನ್ನೊಂದು ಕೆಜಿ. ಅಪ್ಪ ಆ ಅಂಕಿಯನ್ನು ನೋಡಿದರು, ತಮ್ಮ ಕುಕ್ಕರನ್ನು ನೋಡಿದರು, ಆಮೇಲೆ ಬಹಳ ಹೊತ್ತು ಅಮ್ಮನನ್ನು ನೋಡಿದರು. ನಾಲ್ವರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆವು.

ಎರಡನೆಯ ಸಲ ಹಾಕಿಸಿಕೊಂಡು ಅಂಕಲ್ ತೀರ್ಪು ಕೊಟ್ಟರು. "ಕಳ್ಳ ಅದಾನ, ಖರೆ. ಬ್ಯಾಗಿನ ಬಾಯಿ ಕಟ್ಟಾಕ ಬರಂಗಿಲ್ಲ. ಆದ್ರ ಬ್ಯಾಗ್ ಇಳಸಬ್ಯಾಡ ಅಂದಿದ್ದೆ, ಇಳಸ್ಲಿಲ್ಲ. ನಮ್ಮವ್ವನ್ನ ಹಳ್ಳದ ನೀರಿನ ಸಮೇತ ಹೊತ್ತಾನ. ಬರ್ಲಿ. ಆದ್ರ ಆ ಕೌದಿ ಮೊದಲಿನಂಗ ಆಗಬೇಕು."

ನಾನು ಕೈಯಲ್ಲೇ ಒಗೆದೆ. ಡೆಕ್ ಮೇಲೆ ಅದು ಒಣಗಲು ಐದು ದಿನ ಹಿಡಿಯಿತು. ಅಷ್ಟರಲ್ಲಿ ಲಂಚ್ ಟೇಬಲ್ಲಿನಲ್ಲಿ ಬಾತುಕೋಳಿ ಹದ್ದಾಗಿತ್ತು.

ಅರಿಜೋನಾದ ಫೀನಿಕ್ಸ್‌ಗೆ ವಿಮಾನ ಹತ್ತುವ ಹಿಂದಿನ ಸಂಜೆ ಅಪ್ಪ ತಾವೇ ಪ್ಯಾಕ್ ಮಾಡಿ ತಕ್ಕಡಿ ಎತ್ತಿದರು: ನನ್ನ ಬ್ಯಾಗ್ ಹನ್ನೊಂದು ಕೆಜಿ, ಬಾಯಿ ಮೂರು ಸುತ್ತು. ಅಮ್ಮ ಕೈ ಕಟ್ಟಿಕೊಂಡು ನೋಡುತ್ತಿದ್ದಳು.

"ರೀ," ಎಂದಳು ಕೊನೆಗೆ, "ಫೀನಿಕ್ಸ್ ಫ್ಲೈಟಿನಲ್ಲೂ ಇಪ್ಪತ್ಮೂರು ಬಿಡ್ತಾರಲ್ವಾ?"