ಜರ್ಮನಿಯ ಡ್ರಮ್ಮು, ಜೇವರ್ಗಿಯ ಕಿವಿ

ಅರವತ್ತಾರರ ವಯಸ್ಸಿನಲ್ಲಿ ಹೇಳಿಕೊಳ್ಳಲು ಸಂಕೋಚ, ಆದರೂ ನಿಮ್ಮ ಮುಂದೆ ಏನು ಮುಚ್ಚುಮರೆ: ನಾನು ಜರ್ಮನಿಯ ಒಂದು ರಾಕ್ ಬ್ಯಾಂಡಿಗೆ ಮರುಳಾಗಿದ್ದೇನೆ. ಜೇವರ್ಗಿಯ ಸುತ್ತಮುತ್ತ ಹೊಲಗಳ ಹದ್ದು ಅಳೆದು ನಿವೃತ್ತನಾದ ಸರ್ವೇಯರನಿಗೆ ಇದು ಒಪ್ಪುವ ಚಟವೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯಂತೂ ದಿನಾ ಕೇಳುತ್ತಾಳೆ. ಮೊದಲ ದಿನ ಅಡುಗೆಮನೆಯಿಂದ ಓಡಿಬಂದು, "ಮಿಕ್ಸರ್ ಕೆಟ್ತೇನೋ ಅಂತ ಬಂದೆ, ಇದು ಹಾಡೇನ್ರಿ?" ಎಂದಿದ್ದಳು.

ತಪ್ಪು ಫೋನಿನದು. ಮಧ್ಯಾಹ್ನ ಊಟ ಮುಗಿಸಿ, ವಚನ ಗಾಯನ ಹಚ್ಚಿ ಅಡ್ಡಾಗಿದ್ದೆ. ಫೋನು ತನ್ನಷ್ಟಕ್ಕೆ ತಾನು ಒಂದಾದ ಮೇಲೊಂದು ಹಾಕುತ್ತ ಹಾಕುತ್ತ, ಯಾವ ದಾರಿ ಹಿಡಿಯಿತೋ ಏನೋ, ನನಗೆ ಎಚ್ಚರವಾಗುವ ಹೊತ್ತಿಗೆ ಜರ್ಮನಿ ಮುಟ್ಟಿಬಿಟ್ಟಿತ್ತು. ಇಪ್ಪತ್ತೆರಡು ನಿಮಿಷದ ಒಂದೇ ಹಾಡು. ಗಾಯಕ ಬಾಯಿ ತೆರೆಯುವುದೇ ಒಂಬತ್ತನೇ ನಿಮಿಷಕ್ಕೆ. ಇದಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರಂತೆ. ಗಂಟೆಗಟ್ಟಲೆ ಆಲಾಪ ಕೇಳುತ್ತ ಬೆಳೆದ ನಮಗೆ ಇದೇನು ಹೊಸದು ಎಂದು ಮಗ್ಗಲು ಬದಲಿಸಿ ಪೂರ್ತಿ ಕೇಳಿದೆ. ಮರುದಿನವೂ ಕೇಳಿದೆ. ಆಮೇಲೆ ಅವರ ಜಾತಕವನ್ನೇ ಜಾಲಾಡಿದೆ.

ಬ್ಯಾಂಡಿನ ಹೆಸರು ಉಚ್ಚರಿಸಲು ನನ್ನ ನಾಲಿಗೆ ಒಪ್ಪುವುದಿಲ್ಲ, ಹಾಗಾಗಿ "ನಮ್ಮ ಜರ್ಮನರು" ಎನ್ನುತ್ತೇನೆ. ಸಣ್ಣ ಊರಿನ ಶಾಲೆಯೊಂದರ ನೆಲಮಾಳಿಗೆಯಲ್ಲಿ ಐದು ಹುಡುಗರು ಶುರುಮಾಡಿದ್ದು. ಮೊದಲೆರಡು ರೆಕಾರ್ಡುಗಳನ್ನು ಅವರವರ ತಾಯಂದಿರು ಬಿಟ್ಟರೆ ಯಾರೂ ಕೊಳ್ಳಲಿಲ್ಲವಂತೆ. ಮೂರನೆಯದರಲ್ಲಿ ಈ ಇಪ್ಪತ್ತೆರಡು ನಿಮಿಷದ ಹಾಡು ಬಂತು, ದೇಶವೆಲ್ಲ ತಿರುಗಿ ನೋಡಿತು. ಆಮೇಲೆ ಕಂಪನಿಯವರು ಸಣ್ಣ ಹಾಡು ಮಾಡಿ ಎಂದು ಬೆನ್ನು ಹತ್ತಿದರು. ಪಾಪ, ಕೂದಲು ಕತ್ತರಿಸಿಕೊಂಡು ಮೂರು ನಿಮಿಷದ್ದೊಂದು ಮಾಡಿದರು. ಹಾಡೂ ಹೋಯಿತು, ಕೂದಲೂ ಹೋಯಿತು. ಆರ್ಗನ್ ವಾದ್ಯ ನುಡಿಸುವವನು ಬಿಟ್ಟುಹೋಗಿ ಬೇಕರಿ ತೆರೆದ. ಮೂರು ಸಲ ಒಡೆದು ಮೂರು ಸಲ ಕೂಡಿದರು. ಈಗ ಎಪ್ಪತ್ತು ದಾಟಿದ ಅದೇ ಐವರು, ಬೇಕರಿಯವನೂ ಸೇರಿ, ಸಣ್ಣಸಣ್ಣ ಸಭಾಂಗಣಗಳಲ್ಲಿ ಅದೇ ಹಾಡನ್ನು ಪೂರ್ತಿ ನುಡಿಸುತ್ತಾರೆ. ಭೇಷ್ ಎನ್ನಬೇಡವೇ?

ಆದರೆ ಆ ಹಾಡಿನ ತಾಳ ನನಗೆ ದಕ್ಕುತ್ತಿರಲಿಲ್ಲ. ಏಳರ ಲೆಕ್ಕ ಎಂದು ಎಲ್ಲೋ ಓದಿದ್ದೆ. ನಲವತ್ತು ವರ್ಷ ಜಮೀನು ಅಳೆದವನು ಏಳು ಎಣಿಸಲು ಹೋದರೆ ಒಮ್ಮೆ ಆರಕ್ಕೆ ನಿಲ್ಲುತ್ತಿದ್ದೆ, ಒಮ್ಮೆ ಎಂಟಕ್ಕೆ. ಕೊನೆಗೆ ಫೋನು ಹಿಡಿದು ಮಹಿಬೂಬ್ ಚಾಚಾರ ಗಾದಿ ಅಂಗಡಿಗೆ ಹೋದೆ.

ಚಾಚಾ ಹತ್ತಿರದ ಇಜೇರಿ ಹಳ್ಳಿಯವರು. ನಮ್ಮ ಮಠದ ಸೋಮವಾರದ ಭಜನೆಗೆ ಮೂವತ್ತು ವರ್ಷದಿಂದ ಅವರದೇ ತಬಲಾ. ಆದರೆ ಹಗಲೆಲ್ಲ ಹತ್ತಿ ಹಿಂಜುವ ಮಷೀನಿನ ಸದ್ದಿನಲ್ಲಿ ಕಿವಿ ಮಂದವಾಗಿವೆ. ಇದೇ ನೆಪವಾಗಿ, ಭಜನಾ ಮೇಳದ ಮುಖ್ಯಸ್ಥ, ತೊಗರಿ ವ್ಯಾಪಾರಿ ಗುರುಲಿಂಗಪ್ಪ ತಾಳ ಬಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದನ್ನು ತಂದಿಟ್ಟಿದ್ದ. ಅಫಜಲಪುರದ ಮೇಳದವರು ಆಗಲೇ ತಂದಿದ್ದರಂತೆ, ನಾವೇನು ಕಡಿಮೆ? "ಚಾಚಾಗ ಕೇಳ್ಸಂಗಿಲ್ಲ, ಇನ್ನ ಆರಾಮ ಇರ್ಲಿ ಬಿಡ್ರಿ" ಎಂದು ನಯವಾಗಿಯೇ ಹೇಳಿದ್ದ. ಮುಂದಿನ ತಿಂಗಳಿನಿಂದ ಚಾಚಾರ ಜಾಗದಲ್ಲಿ ಪೆಟ್ಟಿಗೆ ಕೂರುವುದೆಂದು ನಿಶ್ಚಯವಾಗಿತ್ತು. ಚಾಚಾ ಯಾರೊಡನೆಯೂ ಜಗಳಾಡಲಿಲ್ಲ. ಅಂಗಡಿಯಲ್ಲಿ ಮಾತು ಮಾತ್ರ ಕಡಿಮೆಯಾಗಿತ್ತು. ನನಗೆ ಇದು ಸರಿಯೆನಿಸಲಿಲ್ಲ, ಆದರೆ ಸಭೆಯಲ್ಲಿ ಬಾಯಿ ಬಿಡಲು ಧೈರ್ಯ ಬಂದಿರಲಿಲ್ಲ.

ಚಾಚಾ ಫೋನನ್ನು ಕಿವಿಗೆ ಹಿಡಿಯಲಿಲ್ಲ. ಒಂದು ಡಬ್ಬಿಯ ಮೇಲೆ ಅದನ್ನಿಟ್ಟು, ಡಬ್ಬಿಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರು. "ಏಳು ಖರೇ. ನಮ್ಮ ತಬಲಾದ ರೂಪಕ ತಾಳದ ಸೋದರಮಾವನ ಮಗ ಅದಾನ್ರಿ ಇಂವಾ" ಎಂದರು. ಹದಿನಾಲ್ಕನೇ ನಿಮಿಷಕ್ಕೆ ಫಕ್ಕನೆ ಕಣ್ಣು ತೆರೆದರು.

"ಸರ್ವೇ ಸಾಹೇಬ್ರ, ಇಲ್ಲಿ ಡ್ರಮ್ಮಿನಂವಾ ಒಂದು ಪೆಟ್ಟು ನುಂಗ್ಯಾನ್ರಿ."

ಮೂರು ಸಲ ಹಾಕಿಸಿದರು. ಮೂರು ಸಲವೂ ಅದೇ ಜಾಗ. "ಉಳಿದ ನಾಕು ಮಂದಿ ಅವನ್ನ ಬಿಟ್ಟು ಮುಂದ ಹೋಗಿಲ್ಲ ನೋಡ್ರಿ. ಅವನ ಜೋಡಿ ತಾವೂ ತಪ್ಪ್ಯಾರ. ಭಾಳ ದೊಡ್ಡ ಮಂದಿ."

ಭಜನೆಯ ಮಂದಿಗೆ ಹೇಳಿದರೆ ಎಲ್ಲರೂ ನಕ್ಕರು. ಜಗತ್ತೇ ಮೆಚ್ಚಿದ ಹಾಡಿನಲ್ಲಿ ಈ ಮುದುಕ ತಪ್ಪು ಹುಡುಕಿದನಂತೆ! "ಪತ್ರ ಬರ್ದು ಕೇಳ್ರಿ ಮತ್ತ. ಹೌದಂದ್ರ ಪೆಟ್ಟಿಗಿ ನಾನೇ ವಾಪಸ್ ಒಯ್ತೇನಿ" ಎಂದ ಗುರುಲಿಂಗಪ್ಪ. ತಮಾಷೆಗೆ ಅಂದದ್ದು, ಆದರೆ ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ನನಗೆ ಬರುವುದು ಆಫೀಸಿನ ಇಂಗ್ಲಿಷು. ಬ್ಯಾಂಡಿನ ವಿಳಾಸಕ್ಕೆ ಇ-ಮೇಲ್ ಬರೆದೆ. ವಿಷಯ: ಹದಿನಾಲ್ಕನೇ ನಿಮಿಷದಲ್ಲಿ ಒಂದು ಪೆಟ್ಟು ಕಾಣೆಯಾಗಿರುವ ಕುರಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸ್ಥಳ ಪರಿಶೀಲಿಸಿ ವರದಿ ನೀಡಬೇಕೆಂದು ಕೋರಿದೆ. ಇದನ್ನು ಪತ್ತೆಹಚ್ಚಿದವರು ನಮ್ಮ ಊರಿನ ತಬಲಾ ಗುರುಗಳೆಂದೂ ನಮೂದಿಸಿದೆ. ಕಳಿಸಿದ ಮೇಲೆ ನಾಚಿಕೆಯಾಯಿತು. ಒಂದು ವಾರ ಕಳೆಯಿತು, ಎರಡು ಕಳೆಯಿತು. ಪೆಟ್ಟಿಗೆಯ ತಿಂಗಳು ಹತ್ತಿರ ಬರುತ್ತಿತ್ತು. ಚಾಚಾರ ಅಂಗಡಿಯ ಮುಂದೆ ಹಾಯುವಾಗ ನಾನು ಕಣ್ಣು ತಪ್ಪಿಸತೊಡಗಿದೆ.

ಉತ್ತರ ಬಂದದ್ದು ಸೋಮವಾರ ಬೆಳಗ್ಗೆ, ಖುದ್ದು ಡ್ರಮ್ಮಿನವನಿಂದಲೇ. ಸಂಜೆ ಮಠದ ಪಡಸಾಲೆಯಲ್ಲಿ ನಿಂತು ಸಾಲುಸಾಲಾಗಿ ಕನ್ನಡ ಮಾಡಿ ಓದಿದೆ. ರೆಕಾರ್ಡಿಂಗಿನ ದಿನ ಕೋಲು ಬೆವರಿಗೆ ಜಾರಿತ್ತಂತೆ. ಗೆಳೆಯರು ಕಣ್ಣಲ್ಲೇ ಅರಿತು ಜೊತೆಗೆ ಜಿಗಿದರಂತೆ. ದೊಡ್ಡ ದೊಡ್ಡ ವಿಮರ್ಶಕರು ಆ ಜಾಗವನ್ನು ದಿಟ್ಟ ಪ್ರಯೋಗವೆಂದು ಹೊಗಳಿ ಬರೆದರಂತೆ, ಇವರು ಐದೂ ಮಂದಿ ತೆಪ್ಪಗಿದ್ದರಂತೆ. "ಇಷ್ಟು ವರ್ಷದಲ್ಲಿ ಇದನ್ನು ಹಿಡಿದವರು ನಿಮ್ಮ ಊರಿನ ಆ ತಬಲಾ ಗುರುಗಳೊಬ್ಬರೇ. ಅವರಿಗೆ ನನ್ನ ನಮಸ್ಕಾರ ಮುಟ್ಟಿಸಿ."

ಗುರುಲಿಂಗಪ್ಪ "ಇನ್ನೊಮ್ಮೆ ಓದ್ರಿ" ಎಂದ, ಓದಿದೆ. ಅವನು ಎದ್ದು ಪೆಟ್ಟಿಗೆಯನ್ನು ಬಗಲಿಗೆ ಏರಿಸಿಕೊಂಡು, ಚಾಚಾರ ಮುಂದೆ ಬಗ್ಗಿ, "ತಪ್ಪಾತ್ರಿ ಚಾಚಾ" ಎಂದ.

"ಜರಾ ಜೋರ್ಲೆ ಹೇಳಪಾ, ಕೇಳ್ಸಲಿಲ್ಲ" ಎಂದರು ಚಾಚಾ.

ನಗೆಯ ಅಬ್ಬರಕ್ಕೆ ಪಡಸಾಲೆಯೇ ಅದುರಿತು. ಗುರುಲಿಂಗಪ್ಪನೂ ನಕ್ಕ, ಜೋರಾಗಿಯೇ ಇನ್ನೊಮ್ಮೆ ಹೇಳಿದ. ನನಗೋ, ಜರ್ಮನಿಯನ್ನೇ ಗೆದ್ದುಬಂದ ಹಿಗ್ಗು! ಭಜನೆ ಶುರುವಾಯಿತು. ಕಂಚಿನ ತಾಳ ನನ್ನ ಕೈಯಲ್ಲಿತ್ತು. ಆ ಹಿಗ್ಗಿನಲ್ಲಿ ಎರಡನೇ ನುಡಿಗೆ ಒಂದು ಪೆಟ್ಟು ಮೊದಲೇ ಹೊಡೆದುಬಿಟ್ಟೆ. ಅಷ್ಟರಲ್ಲಿ ತಬಲಾ ನಾನಿದ್ದ ಜಾಗಕ್ಕೇ ಬಂದು ಕೂಡಿಕೊಂಡಿತು, ಹಾಡುವವರೆಲ್ಲ ಅದರ ಹಿಂದೆ ಬಂದರು. ಒಬ್ಬರಿಗೂ ಗೊತ್ತಾಗಲಿಲ್ಲ.

ಮಂಗಳಾರತಿಯಾದ ಮೇಲೆ ಮೆಲ್ಲಗೆ ಹತ್ತಿರ ಹೋಗಿ, "ಚಾಚಾ, ನಾ ನಡುವ ತಪ್ಪಿದ್ದೆ..." ಎಂದೆ.

ಅವರು ತಬಲಾಕ್ಕೆ ಬಟ್ಟೆ ಸುತ್ತುತ್ತಿದ್ದರು. "ಯಾವಾಗ್ರಿ?" ಎಂದರು, ಮುಖ ಎತ್ತದೆ. "ನನಗ ಕಿವಿ ಮಂದ ಅಲ್ಲೇನ್ರಿ, ಸಾಹೇಬ್ರ."